ಅಮೆರಿಕದ ಪತ್ರಿಕೆಯಲ್ಲಿ ನನ್ನ ಪಾಳಿ

ಅಮೆರಿಕದ ವಿದ್ವತ್ ಪತ್ರಿಕೆಗಳಿಗೆ ಏನು ಬೇಕು ಎಂಬುದು ನನಗೆ ಇಂದಿಗೂ ಗೊತ್ತಾಗಿಲ್ಲ. ಗೊತ್ತಾಗುವಷ್ಟರಲ್ಲಿ ಅವರಿಗೆ ಬೇರೇನೋ ಬೇಕಾಗಿರುತ್ತದೆ. ನಾನು ಉಗಾರ ಬುದ್ರುಕದ ಕಬ್ಬಿನ ಮನೆತನದವನು, ಅಥಣಿಯ ಕಾಲೇಜಿನಲ್ಲಿ ಅಮೆರಿಕನ್ ಸಾಹಿತ್ಯ ಕಲಿಸುತ್ತೇನೆ. ವಿದೇಶಿ ಪತ್ರಿಕೆಯಲ್ಲಿ ಒಂದು ಪ್ರಬಂಧ ಅಚ್ಚಾದರೆ ನಾನು ವಿಭಾಗದ ಮುಖ್ಯಸ್ಥ. ಆಗದಿದ್ದರೆ ಆ ಕುರ್ಚಿ ಸುಜಾತಾಳಿಗೆ. ಬಿ.ಎ.ಯಲ್ಲಿ ನನ್ನ ಕೈಯಲ್ಲೇ ಕಲಿತು ಈಗ ನಮ್ಮ ವಿಭಾಗದಲ್ಲೇ ಕಲಿಸುವ ಹುಡುಗಿ ಅವಳು. ಅವಳ ಮುಂದೆ ನಿಂತು ರಜೆ ಕೇಳುವುದೆಂದರೆ, ಸುಳ್ಳೇಕೆ ಹೇಳಲಿ, ನನ್ನಿಂದ ಆಗದ ಮಾತು.

ಅಮೆರಿಕನ್ ಕವಿಗಳ ಏಕಾಂತದ ಬಗ್ಗೆ ಬರೆದು ಅಲ್ಲಿಯ ಒಂದು ಪತ್ರಿಕೆಗೆ ಕಳಿಸಿದೆ. ಚೆನ್ನಾಗಿದೆ, ಆದರೆ ಈಗ ನಮ್ಮ ಆದ್ಯತೆ ಪರಿಸರ ಎಂದು ಸಂಪಾದಕಿ ಬರೆದರು. ಕವಿಯನ್ನು ಒಯ್ದು ನದಿಯ ದಂಡೆಯಲ್ಲಿ ಕೂರಿಸಿದೆ. ಅಷ್ಟರಲ್ಲಿ ಆದ್ಯತೆ ದುಡಿಯುವ ಜನರತ್ತ ಹೊರಳಿತ್ತು. ನದಿಗೆ ಒಬ್ಬ ಅಂಬಿಗನನ್ನು ಇಳಿಸಿದೆ. ಆಮೇಲೆ ಸುದ್ದಿಯೇ ಇಲ್ಲ.

ನನ್ನ ಸಪ್ಪೆ ಮುಖ ನೋಡಿ ನಮ್ಮಣ್ಣ ವಿಚಾರಿಸಿದ. ಅವನಿಗೆ ಲೋಕದಲ್ಲಿ ಎಲ್ಲವೂ ಕಬ್ಬೇ.

"ಆ ಮೇಡಂ ಅಂದ್ರ ನಮ್ಮ ಫ್ಯಾಕ್ಟರಿ ಫೀಲ್ಡಮನ್ ಇದ್ದಂಗ, ಹೌದಿಲ್ಲೊ? ಕಬ್ಬ ಕಡಿಯೂ ಪಾಳಿ ಅವನ ಕೈಯಾಗ, ಅಚ್ಚಿನ ಪಾಳಿ ಅಕಿ ಕೈಯಾಗೈತಿ. ಹೋಗಿ ಚಾ ಕುಡಿಸಿ, ಮಾತಾಡಿ ಬಾ."

"ಅಣ್ಣಾ, ಅದು ಅಮೆರಿಕಾ. ಕಾಗವಾಡ ಅಲ್ಲ."

"ಹಂಗಾರ ಬರದ ಕೇಳಲೇ! ಸುಮ್ನ ಕುಂತ್ರ ಕಬ್ಬ ಹೊಲದಾಗs ಒಣಗತೈತಿ."

ನನಗೂ ಸಿಟ್ಟು ನೆತ್ತಿಗೇರಿತ್ತು. ಬರೆದೇ ಬಿಟ್ಟೆ: ತಾಯಿ, ನಮ್ಮೂರಲ್ಲಿ ಕಬ್ಬು ಕಡಿಯುವ ಪಾಳಿಗಾಗಿ ಫೀಲ್ಡಮನ್ ಬೈಕಿನ ಹಿಂದೆ ಊರೆಲ್ಲ ಅಲೆಯುತ್ತೇವೆ, ಅವನನ್ನು ಕರೆದು ಹೋಳಿಗೆ ಉಣಿಸುತ್ತೇವೆ, ಕಡಿಯುವ ಗ್ಯಾಂಗು ಪಕ್ಕದ ಹೊಲಕ್ಕೆ ಮೊದಲು ಹೋದರೆ ಪಕ್ಕದವನ ಜೊತೆ ಮಾತು ಬಿಡುತ್ತೇವೆ, ನಿಮ್ಮಲ್ಲಿ ಪದ್ಧತಿ ಹೇಗೆ? ಮರುದಿನವೇ ಉತ್ತರ ಬಂತು. ಕವಿ, ನದಿ, ಅಂಬಿಗ ಯಾರೂ ಬೇಡವಂತೆ; ಈ ಪಾಳಿಯ ವಿಷಯವನ್ನೇ ಬೆಳೆಸಿ ಕಳಿಸಬೇಕಂತೆ; ದೂರದ ಊರುಗಳ ದನಿಯೇ ಈಗ ಆದ್ಯತೆಯಂತೆ! ಬರೆದು ಕಳಿಸಿದೆ, ಅಚ್ಚೂ ಆಯಿತು. ಅಣ್ಣ ಓಣಿಗೆಲ್ಲ ಪೇಢೆ ಹಂಚಿದ.

ಪ್ರಾಚಾರ್ಯರು ಪತ್ರಿಕೆಯನ್ನು ಹಿಂದುಮುಂದು ತಿರುವಿದರು. "ಸರ, ಇದರಾಗ ಅಮೆರಿಕನ್ ಸಾಹಿತ್ಯ ಎಲ್ಲೈತ್ರಿ? ಬರೇ ಕಬ್ಬ ಐತಲ್ರಿ. ಇದನ್ನ ಲೆಕ್ಕಕ್ಕ ಹಿಡಿಯಾಕ ಬರಂಗಿಲ್ರಿ."

ಸುಜಾತಾ ಮುಖ್ಯಸ್ಥೆಯಾದಳು. ನಾನು ಒಳಗೆ ಹೋದಾಗ ಎದ್ದು ನಿಂತಳು, ಪಾಪ, ಮರ್ಯಾದಸ್ಥ ಹುಡುಗಿ.

"ಸರ, ನಿಮ್ಮ ಲೇಖನ ಓದೇನ್ರಿ. ಭಾಳ ಛಲೋ ಬರದೀರಿ."

ನಾನು ಉಬ್ಬಿಹೋದೆ.

"ಅದನ್ನ ಓದಿದ ಮ್ಯಾಲೆ ನನಗ ಅನಿಸ್ತ್ರಿ, ಅಮೆರಿಕನ್ ಸಾಹಿತ್ಯದ ಕ್ಲಾಸ್ ನಾನs ತಗೊಂತೀನಿ. ಕಾಲೇಜಿನ ಹಳ್ಳಿ ಶ್ರಮದಾನ ಶಿಬಿರಕ್ಕ ನಿಮ್ಮಷ್ಟು ತಿಳಿದವರು ಯಾರದಾರ್ರಿ?"

ಈಗ ಶೇಡಬಾಳದಲ್ಲಿ ಹುಡುಗರ ಜೊತೆ ಗಟಾರದ ಹೂಳೆತ್ತುತ್ತಿದ್ದೇನೆ. ಅಮೆರಿಕದಲ್ಲಿ ಅಚ್ಚಾದವನು ಈ ಶಿಬಿರದಲ್ಲಿ ನಾನೊಬ್ಬನೇ.