ಒಂದು ಆಕ್ಸಿಜನ್ ಒಣಗಿ ಹೋಯಿತು

ನಲವತ್ತು ದಾಟಿದ ಹೆಂಗಸು ವಿಜ್ಞಾನದ ಪುಸ್ತಕ ಕಂಕುಳಲ್ಲಿ ಇಟ್ಟುಕೊಂಡು ಓಡಾಡಿದರೆ ದಿನಕ್ಕೊಂದು ಫಜೀತಿ ಆಗ್ತಲೇ ಇರುತ್ತೆ. ಪಾಲಿಬೆಟ್ಟದ ಹತ್ತಿರ ಒಂದು ಕಾಫಿ ಎಸ್ಟೇಟಿನಲ್ಲಿ ನಾನು ಹೆಂಗಸರ ಗ್ಯಾಂಗಿಗೆ ಮೇಸ್ತ್ರಿ. ಎಸ್ಸೆಸ್ಸೆಲ್ಸಿಯಲ್ಲಿ ವಿಜ್ಞಾನ ಒಂದರಲ್ಲೇ ಫೇಲಾಗಿ ಓದು ಬಿಟ್ಟವಳು. ಆಫೀಸಿನಲ್ಲಿ ಲೆಕ್ಕ ಬರೆಯೋ ನಮ್ಮ ರೈಟರ್ ರಿಟೈರ್ ಆಗುವ ವರ್ಷ ಮ್ಯಾನೇಜರ್ ಕರೆದು, ಆ ಒಂದು ಸಬ್ಜೆಕ್ಟ್ ಪಾಸು ಮಾಡಿಕೊಂಡು ಬಾ, ಆಫೀಸಿನ ಕುರ್ಚಿ ನಿನಗೇ ಅಂದರು. ಮಳೆ ಇಲ್ಲ, ಜಿಗಣೆ ಇಲ್ಲ, ಕೂತು ಮಾಡೋ ಕೆಲಸ. ಯಾರು ಬಿಡ್ತಾರೆ ಹೇಳಿ?

ಹೈಸ್ಕೂಲಿನ ಸೈನ್ಸ್ ಟೀಚರ್ ಮುಂದೆ ಹೋಗಿ ನಿಂತೆ. ಶನಿವಾರಸಂತೆ ಕಡೆಯವರು, ನನಗಿಂತ ಎಷ್ಟೋ ಚಿಕ್ಕವರು. ಪ್ರತಿ ಭಾನುವಾರ ತಮ್ಮ ರಜೆ ಕೆಡಿಸಿಕೊಂಡು ಶಾಲೆಯ ಜಗಲಿಯಲ್ಲಿ ಕೂರಿಸಿ ಹೇಳಿಕೊಟ್ಟರು. ಆ ತಾಯಿ ಹೊಟ್ಟೆ ತಣ್ಣಗಿರಲಿ.

೧. ತೂಕ ಕಡಿಮೆ

ಮೊದಲ ಪಾಠ ಸಮೀಕರಣ ಸರಿದೂಗಿಸೋದು. ಎಡಗಡೆ ಹೈಡ್ರೋಜನ್ ಎರಡು, ಆಕ್ಸಿಜನ್ ಎರಡು. ಬಲಗಡೆ ನೀರು. ನೀರಿನಲ್ಲಿ ಆಕ್ಸಿಜನ್ ಒಂದೇ. ಇನ್ನೊಂದು ಏನಾಯ್ತು, ಯೋಚನೆ ಮಾಡಿ ಬರೀರಿ ಅಂದರು ಟೀಚರ್.

ಇದರಲ್ಲಿ ಯೋಚನೆ ಮಾಡೋದೇನು? ಕಣದಲ್ಲಿ ಹರವಿದ ಕಾಫಿ ವಾರ ಬಿಟ್ಟು ತೂಗಿದರೆ ಕಡಿಮೆ ಬಂದೇ ಬರುತ್ತೆ, ಕಾರಣ ಬರೆದು ಸಹಿ ಹಾಕಿದರೆ ಮುಗೀತು. ಇಪ್ಪತ್ತು ವರ್ಷದಿಂದ ಅದೇ ಮಾಡಿದ್ದೀನಿ. ‘ಒಂದು ಆಕ್ಸಿಜನ್ ಒಣಗಿ ಹೋಗಿದೆ’ ಅಂತ ಬರೆದು ಸಹಿಯನ್ನೂ ಹಾಕಿ ಕೊಟ್ಟೆ.

ಟೀಚರ್ ನನ್ನ ಸಹಿಯ ಮೇಲೆ ಅಡ್ಡಗೆರೆ ಎಳೆದರು. “ಅಕ್ಕಾ, ಇಲ್ಲಿ ಒಣಗೋದು ಅಂತ ಇಲ್ಲ. ಎಡಗಡೆ ಇದ್ದದ್ದೆಲ್ಲ ಬಲಗಡೆ ಇರಲೇಬೇಕು.”

“ಹಾಗಾದರೆ ಯಾರೋ ಕದ್ದಿದ್ದಾರೆ ಟೀಚರ್. ವಾಚ್‌ಮನ್ ಯಾರು?” ಅಂದೆ.

೨. ಕೊನೇ ಮನೆಯವರು

ಆವರ್ತಕ ಕೋಷ್ಟಕದ ಚಾರ್ಟನ್ನು ಅಡುಗೆಮನೆ ಗೋಡೆಗೆ ಅಂಟಿಸಿ, ರೊಟ್ಟಿ ತಟ್ಟುತ್ತಾ ಬಾಯಿಪಾಠ ಮಾಡ್ತಿದ್ದೆ. ನಮ್ಮ ಅತ್ತೆಗೆ ಓದು ಬರಲ್ಲ, ಆದರೆ ಸೌಟು ಹಿಡಿದು ಒಂದೊಂದೇ ಮನೆ ತೋರಿಸಿ ಪ್ರಶ್ನೆ ಕೇಳೋರು. ನಾನು ತಡವರಿಸಿದರೆ ಅವರಿಗೇ ಬೇಜಾರು. ಅಂಥ ಅತ್ತೆ ಸಿಗೋಕೂ ಪುಣ್ಯ ಬೇಕು.

ಒಂದು ದಿನ ಬಲಗಡೆ ಕೊನೇ ಸಾಲಿಗೆ ಸೌಟು ಇಟ್ಟು, ಇವರು ಯಾರು ಅಂದರು. ಟೀಚರ್ ಹೇಳಿದ್ದನ್ನೇ ಹೇಳಿದೆ: ಇವರು ಜಡ ಅನಿಲಗಳು, ಇವರಿಗೆ ಯಾವುದರ ಕೊರತೆಯೂ ಇಲ್ಲ, ಯಾರಿಂದಲೂ ತಗೊಳ್ಳಲ್ಲ, ಯಾರಿಗೂ ಕೊಡಲ್ಲ, ತಮ್ಮ ಪಾಡಿಗೆ ತಾವಿರ್ತಾರೆ. ಅತ್ತೆ ಸೌಟು ಕೆಳಗಿಟ್ಟು ಒಲೆ ಮುಂದೆ ಕೂತರು. ಒಳ್ಳೇ ಮನೆತನ ಕಣೇ, ಹೆಣ್ಣಿದ್ದರೆ ನನ್ನ ತಮ್ಮನ ಮಗನಿಗೆ ಕೇಳು ಅಂದರು. ಅವರು ಯಾರ ಜೊತೆಗೂ ಸೇರಲ್ಲ ಅತ್ತೆ ಅಂದೆ.

“ಅವನೂ ಅಷ್ಟೇ. ಈಡುಜೋಡು ಸರಿಯಾಯ್ತು ಬಿಡು.”

೩. ಮೊಳೆ ಕೆಂಪಾದರೆ

ಪರೀಕ್ಷೆ ವಿರಾಜಪೇಟೆಯಲ್ಲಿ. ಸುತ್ತ ನನ್ನ ಮಗಳ ವಯಸ್ಸಿನ ಮಕ್ಕಳು, ನಡುವೆ ನಾನು. ಓದಿದ್ದೆಲ್ಲ ಮರೆತೇ ಹೋಯ್ತು. ಒಂದು ಪ್ರಶ್ನೆ ಇತ್ತು: ತಾಮ್ರದ ಸಲ್ಫೇಟ್ ದ್ರಾವಣದಲ್ಲಿ ಕಬ್ಬಿಣದ ಮೊಳೆ ಅದ್ದಿದರೆ ಏನಾಗುತ್ತದೆ? ಸಮೀಕರಣ ತಲೆಯಲ್ಲಿ ಇಲ್ಲವೇ ಇಲ್ಲ. ಆದರೆ ತಾಮ್ರದ ಸಲ್ಫೇಟ್ ಅಂದರೆ ನಮ್ಮ ಮೈಲುತುತ್ತ ತಾನೇ? ಮಳೆಗಾಲಕ್ಕೆ ಮುಂಚೆ ಅದಕ್ಕೆ ಸುಣ್ಣ ಬೆರೆಸಿ ಗಿಡಕ್ಕೆ ಹೊಡೀತೀವಿ. ಹದ ನೋಡೋಕೆ ಡ್ರಮ್ಮಿಗೆ ಕತ್ತಿ ಅದ್ದೋದು ನಾನೇ. ಗೊತ್ತಿದ್ದದ್ದನ್ನು ಬರೆದೆ:

‘ಕಬ್ಬಿಣ ಕೆಂಪಾಗುತ್ತದೆ. ತಾಮ್ರ ಅದಕ್ಕೆ ಹತ್ತಿದೆ ಎಂದು ಅರ್ಥ. ಇನ್ನೆರಡು ಹಿಡಿ ಸುಣ್ಣ ಹಾಕಿ ಕಲಕಬೇಕು. ಹಾಗೇ ಹೊಡೆದರೆ ಎಲೆ ಸುಟ್ಟು ಮ್ಯಾನೇಜರ್ ಬೈಯುತ್ತಾರೆ.’

ಹೊರಗೆ ಬಂದು ಬಸ್‌ಸ್ಟ್ಯಾಂಡಿನಲ್ಲಿ ಅತ್ತುಬಿಟ್ಟೆ. ಕುರ್ಚಿ ಹೋಯ್ತು ಅಂತಲೇ ಲೆಕ್ಕ.

ರಿಸಲ್ಟ್ ಬಂತು. ಪಾಸು! ಸರಿಯಾಗಿ ಗೆರೆಯ ಮೇಲೆ, ಒಂದು ಮಾರ್ಕು ಕಡಿಮೆಯಾಗಿದ್ದರೂ ಫೇಲು. ಟೀಚರ್‌ಗೆ ನಂಬಿಕೆ ಬರಲಿಲ್ಲ, ಉತ್ತರಪತ್ರಿಕೆಯ ಪ್ರತಿ ತರಿಸಿದರು. ಮೊಳೆಯ ಪ್ರಶ್ನೆಯಲ್ಲಿ ಪ್ರತಿ ಸಾಲಿಗೂ ಕೆಂಪು ಶಾಯಿಯ ರೈಟು, ಒಂದೊಂದು ಮಾರ್ಕು, ಮ್ಯಾನೇಜರ್ ಬೈಯೋ ಕೊನೇ ಸಾಲಿಗೂ! ತಿದ್ದಿದ ಪುಣ್ಯಾತ್ಮರ ಮನೆಯಲ್ಲೂ ತೋಟ ಇದ್ದಿರಬೇಕು. ಎಲ್ಲಿದ್ದರೂ ಚೆನ್ನಾಗಿರಲಿ.

ಮಾರನೇ ದಿನ ಆಫೀಸಿಗೆ ಹೋಗಿ ಮ್ಯಾನೇಜರ್‌ಗೆ ಕೈಮುಗಿದೆ.

“ಸರ್, ನೀವು ಬೈದಿದ್ದಕ್ಕೆ ಒಂದು ಮಾರ್ಕು ಬಂತು. ಅದರಲ್ಲೇ ಪಾಸಾದೆ.”