ಮಾಮಾನ ಮೂರು ಸಿನಿಮಾ, ಅತ್ತೆಯ ಸೊನ್ನೆ

ನಮ್ಮ ಮಾಮಾ, ಅಂದರೆ ಅವ್ವನ ತಮ್ಮ, ಎಷ್ಟು ಸಿನಿಮಾಗಳಿಗೆ ಸಂಗೀತ ಕೊಟ್ಟಿದ್ದಾರೆ? ಅವರ ಲೆಕ್ಕದಲ್ಲಿ ಮೂರು. ನನ್ನ ಲೆಕ್ಕದಲ್ಲಿ ಅರ್ಧ. ಅವರ ಹೆಂಡತಿ, ಅಂದರೆ ನಮ್ಮ ಅತ್ತೆಯ ಲೆಕ್ಕದಲ್ಲಿ ಸೊನ್ನೆ! ಯಾರದು ಸರಿ? ಆಣೆ ಮಾಡಿ ಹೇಳಲಾರೆ. ಧಾರವಾಡದಲ್ಲಿ ಇತಿಹಾಸ ಓದಿದವನು ನಾನು; ಪುರಾವೆ ಇಲ್ಲದ್ದನ್ನು ನಂಬಬಾರದೆಂದು ಕಲಿತು ಕಲಿತು, ಈಗ ನನ್ನ ನೆನಪನ್ನೇ ನಂಬುವುದಿಲ್ಲ. ಹಾಗಾಗಿ ಮುಂದಿನದರಲ್ಲಿ ಅಷ್ಟಿಷ್ಟು ಬಿಟ್ಟೇ ಓದಿ.

ಮಾಮಾ ಯಲಬುರ್ಗಾ, ಕುಷ್ಟಗಿ ಕಡೆಯ ಹಳ್ಳಿಗಳಲ್ಲಿ ನಾಟಕಗಳಿಗೆ ಹಾಡು ಕಲಿಸುತ್ತ ಬೆಳೆದವರು. ಕೊಪ್ಪಳದ ಮನೆಯಲ್ಲಿ ಅವರದೊಂದು ಹಾರ್ಮೋನಿಯಂ ಪೇಟಿ ಇದೆ. ಅದರಲ್ಲಿ ಸರಿಗಮಪದನಿಯ ಒಂದು 'ದ' ಮೂಕ. ಕೆಳಗಿನ ಸ್ಥಾಯಿಯ ದ ನುಡಿಯುತ್ತದೆ, ಮೇಲಿನದೂ ನುಡಿಯುತ್ತದೆ. ನಡುವಿನ ದ ಒತ್ತಿದರೆ ಮಾತ್ರ ಬರೀ ಗಾಳಿ, ಫುಸ್!

"ಮಾಮಾ, ಇದನ್ನ ರಿಪೇರಿ ಮಾಡಸ್ರಿ" ಅಂದೆ.

"ಯಾಕಲೇ ಅಳ್ಯಾ? ಬಾಯಾಗ ಒಂದ್ ಹಲ್ಲಿಲ್ಲಂತ ಮಾತಾಡೂದು ಬಿಡ್ತಾರೇನು?"

ಬಿಡಲಿಲ್ಲ. ತಗ್ಗು ಕಂಡ ಎಮ್ಮೆಯಂತೆ ಅವರ ಪ್ರತಿಯೊಂದು ಧಾಟಿಯೂ ಆ ಜಾಗದಲ್ಲಿ ಸುತ್ತು ಹೊಡೆದು ದಾಟುತ್ತಿತ್ತು.

ಮೊದಲ ಸಿನಿಮಾದ ನಿರ್ಮಾಪಕರು ಗಂಗಾವತಿಯ ರೈಸ್‌ಮಿಲ್ ಮಾಲೀಕರು. "ಹಾಡು ಮಿಶಿನ್ ಸಪ್ಪಳದಾಗೂ ಕೇಳಬೇಕ್ರಿ" ಎಂದರಂತೆ. ಮಾಮಾ ಓಡುವ ಮಿಲ್ಲಿನ ಮುಂದೆ ನಿಂತು ಹಾಡಿ, ವಾರಗಟ್ಟಲೆ ಗಂಟಲು ಕಳೆದುಕೊಂಡರು. ಮುಹೂರ್ತವೂ ಆಯಿತು, ಸಿನಿಮಾ ಅಲ್ಲಿಗೇ ನಿಂತಿತು. ಆ ಸಿನಿಮಾದಲ್ಲಿ ಒಡೆದದ್ದು ತೆಂಗಿನಕಾಯಿ ಒಂದೇ!

ಎರಡನೆಯದು ಬಿಡುಗಡೆಯಾಯಿತು. ಇಟಗಿ ಗುಡಿಯ ಕಂಬಗಳ ನಡುವೆ ನಾಯಕಿ ಓಡುವಾಗ ಮಾಮಾನ ಹಾಡು. ಬಂಧುಬಳಗವೆಲ್ಲ ಕೊಪ್ಪಳದ ಟಾಕೀಸಿಗೆ ಹೋದೆವು. ಸಿನಿಮಾ ಉದ್ದವಾಯಿತೆಂದು ಹಾಡನ್ನು ಕತ್ತರಿಸಿದ್ದರು. ಅತ್ತೆ ಕೆಳಗೆ ಬಿದ್ದ ಶೇಂಗಾ ಪೊಟ್ಟಣ ಎತ್ತಿಕೊಳ್ಳುವಷ್ಟರಲ್ಲಿ ನಾಯಕಿ ಓಡಿ ಮುಗಿಸಿದ್ದಳು. "ಎಲ್ಲೈತ್ರಿ ನಿಮ್ಮ ಹಾಡು?" ಅಂದರು. ಅವರ ಸೊನ್ನೆಗೂ ನನ್ನ ಅರ್ಧಕ್ಕೂ ಇದೇ ಆಧಾರ.

ಮೂರನೆಯದೇ ತಕರಾರು. ಬೆಂಗಳೂರಿನ ದೊಡ್ಡ ಸಂಗೀತ ನಿರ್ದೇಶಕರೊಬ್ಬರ ಮುಂದೆ ಮಾಮಾ ಒಂದು ಧಾಟಿ ಹಾಡಿ ಬಂದಿದ್ದರು. ಮರುವರ್ಷ ಒಂದು ಸಿನಿಮಾ ಹಾಡು ಊರೂರು ತಿರುಗಿತು. ಕುಷ್ಟಗಿ ಬಸ್ಸಿನಲ್ಲೂ ಅದೇ, ಸಂತೆಯಲ್ಲೂ ಅದೇ. ಪರದೆಯ ಮೇಲೆ ಹೆಸರು ಮಾತ್ರ ಆ ದೊಡ್ಡವರದು.

"ಅದು ನಂದು" ಅಂದರು ಮಾಮಾ.

"ಹೌದ್ರಿ, ಮ್ಯಾಲಿನ ಚಂದ್ರಾಮನೂ ನಿಮ್ದ! ಮೊದ್ಲ ಉಣ್ಣ ಬರ್ರಿ" ಅಂದರು ಅತ್ತೆ.

ಮಾಮಾ ನನ್ನ ಕಡೆ ತಿರುಗಿದರು. "ಪರದಿ ಮ್ಯಾಲ ಹೆಸರು ಬರ್ಲಿ ಬಿಡ್ಲಿ, ಮನ್ಯಾಗ ಒಬ್ಬರರ ನಂಬಬೇಕಲ್ಲೋ. ನೀ ಓದಿದಾಂವ, ನೀನರ ನಂಬತಿಯಿಲ್ಲೋ?"

"ಪುರಾವೆ ಏನೈತ್ರಿ ಮಾಮಾ?"

ಮಾಮಾ ಉಂಡು ಕೈ ತೊಳೆದು, ಪೇಟಿ ತೆಗೆದು, "ನಾಕನೇದು ನೋಡ್ಕೋ" ಎಂದು ಹೊಸ ಧಾಟಿ ಶುರು ಮಾಡಿದರು! ಈ ಮನುಷ್ಯನಿಗೆ ಸೋಲು ಅರ್ಥವಾಗುವುದೇ ಇಲ್ಲವೇ?

ಮೊನ್ನೆ ಅದೇ ಹಾಡು ಎಲ್ಲಿಂದಲೋ ಕೇಳಿಸಿತು. ಪ ತನಕ ಏರಿ, ಇನ್ನೇನು ದ ಮೇಲೆ ಕಾಲಿಟ್ಟಿತು ಅನ್ನುವಾಗ ಹಾರಿ ನಿ ಹಿಡಿಯಿತು. ನನಗೆ ಮಾಮಾನ ಪೇಟಿಯ ಎಮ್ಮೆ ನೆನಪಾಯಿತು! ಮೊಬೈಲಿನಲ್ಲಿ ಹಾಡು ಹಾಕಿಕೊಂಡು, ಗೆಳೆಯನ ಕೀಬೋರ್ಡಿನ ಮುಂದೆ ಕುಳಿತು, ಒಂದೊಂದೇ ಸ್ವರ ಹುಡುಕಿದೆ. ಕೆಲವು ರಾಗಗಳಲ್ಲಿ ದ ಇರುವುದೇ ಇಲ್ಲ, ನಿಜ; ಆದರೆ ರಾಗವೇ ದ ಬಿಟ್ಟಿದ್ದರೆ ಕೆಳಗೂ ಬಿಡಬೇಕಿತ್ತಲ್ಲ?

ಕೊಪ್ಪಳಕ್ಕೆ ಹೋಗಿ, ಆ ಹಾಡು ದ ದಾಟುವ ಬಗೆಯನ್ನು ಅತ್ತೆಗೆ ಹೇಳಿದೆ. ಹೆಚ್ಚುತ್ತಿದ್ದ ಉಳ್ಳಾಗಡ್ಡಿ ಬಿಟ್ಟು ಎದ್ದು ಬಂದು, ಪೇಟಿಯ ಆ ಮೂಕ ಪಟ್ಟಿಯನ್ನು ತಾವೇ ಒತ್ತಿ ನೋಡಿದರು. ಫುಸ್! "ನಾ ಮದಿವ್ಯಾಗಿ ಬಂದಾಗಿಂದ ಹಿಂಗ ಐತಿ ಇದು" ಅಂದರು. ಆಮೇಲೆ ಒಳಗಿದ್ದ ಮಾಮಾನನ್ನು ಕೂಗಿದರು: "ರೀ, ಆ ನಾಕನೇದು ಹಾಡ್ರಿ ಇಲ್ಲೆ, ಕೇಳ್ತೀನಿ."

ಆಗ ಅತ್ತೆಯ ಕಣ್ಣಲ್ಲಿ ನೀರಿತ್ತು ಎಂದು ನೆನಪು. ಉಳ್ಳಾಗಡ್ಡಿಯದೂ ಇರಬಹುದು, ನಾನು ಖಾತ್ರಿ ಕೊಡಲಾರೆ. ಖಾತ್ರಿ ಮಾಡಿಕೊಂಡದ್ದು ಒಂದೇ: ಆ ಹಾಡಿನಲ್ಲಿ ಕೆಳಗಿನ ದ ಇದೆ, ಮೇಲಿನದೂ ಇದೆ, ನಡುವಿನ ದ ಎಲ್ಲಿಯೂ ಇಲ್ಲ.