ತೊಡೆಯಲ್ಲಿ ಹೃದಯ ಹುಡುಕಿದ ಸಮಿತಿಗೆ

ಯಾವ ಹೊಸ ಚಿಕಿತ್ಸೆಯನ್ನು ಸರ್ಕಾರಿ ಆರೋಗ್ಯ ವಿಮೆಗೆ ಸೇರಿಸಬೇಕು, ಯಾವುದನ್ನು ಬಿಡಬೇಕು ಎಂದು ತೀರ್ಮಾನಿಸುವ ಸಮಿತಿಯ ಮಾನ್ಯರೇ,

ಶೆಟ್ಟಿಹಳ್ಳಿಯಿಂದ ಪಿಳ್ಳಪ್ಪ ಮಾಡುವ ನಮಸ್ಕಾರಗಳು. ತಾವೆಲ್ಲರೂ ಕ್ಷೇಮವೆಂದೂ, ತಮ್ಮ ಹೃದಯಗಳು ಇರಬೇಕಾದ ಜಾಗದಲ್ಲೇ ಇವೆಯೆಂದೂ ನಂಬಿದ್ದೇನೆ.

ನಿನ್ನೆ ಮಧ್ಯಾಹ್ನ ಉಂಡು ಅಡ್ಡಾದಾಗ ಕೆಟ್ಟ ಕನಸು ಬಿತ್ತು. ತಾವೆಲ್ಲ ನನ್ನ ಹೆಂಡತಿ ದ್ರೌಪದಮ್ಮನ ಎದೆಯ ಮುಂದೆ ಕುರ್ಚಿ ಹಾಕಿಕೊಂಡು, ಬೋಂಡಾ ತಿನ್ನುತ್ತಾ, ಬಾಗಿಲು ತಟ್ಟಿ ‘ಒಳಗೆ ಯಾರಾದ್ರೂ ಇದೀರಾ?’ ಎಂದು ಕೇಳುತ್ತಿದ್ದಿರಿ. ಅವಳು ಉತ್ತರ ಕೊಡುವಷ್ಟರಲ್ಲಿ ಸಭೆ ಮುಂದಕ್ಕೆ ಹೋಯಿತು. ಬೆವೆತು ಎದ್ದೆ. ಕನಸಿಗೆ ಬಾಗಿಲು ಬಂದದ್ದೇಕೆಂದರೆ, ಅವಳ ಹೃದಯದ ಕವಾಟ ಸರಿಯಾಗಿ ತೆರೆಯುತ್ತಿಲ್ಲ. ಆರನೇ ಕ್ಲಾಸಿಗೇ ಶಾಲೆ ಬಿಟ್ಟ ನನಗೆ ಕವಾಟವೆಂದರೆ ಬಾಗಿಲು ಎಂದಷ್ಟೇ ಗೊತ್ತು.

ಎದೆ ಸೀಳಿ ಹೊಸ ಕವಾಟ ಕೂಡಿಸಲು ತಮ್ಮ ವಿಮೆ ಒಪ್ಪುತ್ತದೆ, ಆದರೆ ಅದನ್ನು ಅವಳ ಮೈ ತಡೆಯದು ಅನ್ನುತ್ತಾರೆ ಡಾಕ್ಟರು. ತೊಡೆಯ ರಕ್ತನಾಳದಿಂದ ತೂರಿಸಿ ಕೂಡಿಸುವ ಹೊಸ ವಿಧಾನವನ್ನು ಅವಳ ಮೈ ತಡೆದೀತು, ತಮ್ಮ ವಿಮೆ ತಡೆದುಕೊಳ್ಳದು. ಪಕ್ಕದ ಮನೆಯ ಬಡಗಿ ಮೊಯಿನುದ್ದೀನ್ ಭಾಯ್ ಇದನ್ನು ಕೇಳಿ, ‘ಬಾಗ್ಲು ಕೂರ್ಸಕ್ಕೆ ಗೋಡೆ ಒಡೀಬೇಕಂತಾ? ಯಾವ ಮೇಸ್ತ್ರಿ ಗುರು ಇವ್ರು?’ ಅಂದರು. ನಾನೇ ಅವರ ಬಾಯಿ ಮುಚ್ಚಿಸಿ, ಖರ್ಚಿಗೆ ತಕ್ಕ ಆಯುಷ್ಯ ಬರುತ್ತದೋ ಎಂದು ಸಮಿತಿ ತೂಗುತ್ತಿದೆ, ಬ್ರಹ್ಮ ಒಬ್ಬನೇ ಕೂತು ಹಣೆಯಲ್ಲಿ ಗೀಚಿದ್ದನ್ನು ಇವರು ಸಭೆ ಸೇರಿ ತಿದ್ದುತ್ತಾರೆ ಎಂದು ತಮ್ಮ ಪರವಾಗಿ ವಾದಿಸಿದೆ.

ಆ ಹೊಸ ವಿಧಾನವನ್ನೂ ವಿಮೆಗೆ ಸೇರಿಸಿ ಎಂದು ನಾನು ಹಾಕಿದ್ದ ಅರ್ಜಿಗೆ ಆ ವಾರವೇ ತಮ್ಮ ಉತ್ತರ ಬಂತು. ಅರ್ಜಿಯಲ್ಲಿ ‘ತೊಡೆಯ ಮೂಲಕ’ ಎಂದಿದ್ದರಿಂದ ಅದು ಮೂಳೆ ವಿಭಾಗಕ್ಕೆ ಹೋಗಿ, ‘ತೊಡೆಯ ಮೂಳೆ ಗಟ್ಟಿಯಾಗಿದೆ, ಚಿಕಿತ್ಸೆಯ ಅಗತ್ಯ ಕಂಡುಬರುವುದಿಲ್ಲ’ ಎಂಬ ಷರಾ ಹೊತ್ತು ಮರಳಿದೆ. ದ್ರೌಪದಮ್ಮ ಏದುಸಿರಿನಲ್ಲೂ ನಕ್ಕು, ‘ಅದೊಂದಾದ್ರೂ ಗಟ್ಟಿ ಐತಲ್ಲ, ಬಿಡಿ’ ಅಂದಳು. ನನಗೆ ನಗು ಬರಲಿಲ್ಲ. ಈಗ ಅಡುಗೆಮನೆಯಿಂದ ಗೇಟಿಗೆ ಬರುವಷ್ಟರಲ್ಲಿ ಅವಳು ನಡುವೆ ಕೂತು ಸುಧಾರಿಸಿಕೊಳ್ಳಬೇಕು.

ಆದ್ದರಿಂದ ಬಿನ್ನಹ: ತಹಸೀಲ್ದಾರರನ್ನೇ ರಾತ್ರೋರಾತ್ರಿ ಎತ್ತಂಗಡಿ ಮಾಡುವ ಸರ್ಕಾರಕ್ಕೆ ಒಂದು ಹಿಡಿ ಹೃದಯ ಯಾವ ಲೆಕ್ಕ? ಅದನ್ನು ತೊಡೆಗೆ ವರ್ಗ ಮಾಡಿ ಆದೇಶ ಹೊರಡಿಸಿ. ಆಗದಿದ್ದರೆ, ಮುಂದಿನ ಸಭೆಯವರೆಗೆ ತಪ್ಪದೆ ಬಡಿಯುತ್ತಿರಬೇಕೆಂದು ಅದಕ್ಕೊಂದು ನೋಟೀಸಾದರೂ ಕೊಡಿ. ಅವಳೇ ನನ್ನ ಮಾತು ಕೇಳುವುದಿಲ್ಲ, ಇನ್ನು ಅವಳ ಹೃದಯ ಕೇಳುತ್ತದೆಯೇ?

ಎದೆ ಮೇಲಿನ ಕೈ ತೆಗೆಯದೆ ಕಾಯುತ್ತಿರುವ,
ತಮ್ಮ ವಿಶ್ವಾಸಿ,
ಪಿಳ್ಳಪ್ಪ

ಮರೆತ ಮಾತು: ಮೂಳೆ ಗಟ್ಟಿಯೆಂದು ತಿಳಿಸಿದ್ದಕ್ಕೆ ಋಣಿ. ಆದರೆ ಮುಚ್ಚಿಕೊಳ್ಳುತ್ತಿರುವ ಬಾಗಿಲು ಅಲ್ಲಿಲ್ಲ. ತಮ್ಮಲ್ಲಿ ಯಾರಾದರೊಬ್ಬರು ಸ್ವಂತ ಎದೆ ಮುಟ್ಟಿ, ಮನುಷ್ಯನಿಗೆ ಹೃದಯ ಇರುವುದೆಲ್ಲಿ ಎಂಬುದೊಂದನ್ನು ದಯವಿಟ್ಟು ಇನ್ನೊಮ್ಮೆ ಪರಿಶೀಲಿಸಿ. ಅಲ್ಲಿ ಸಿಗದಿದ್ದರೆ ತೊಡೆಯ ಕಡೆಯೂ ನೋಡಿ.